ಸುಟ್ಟ ಅರ್ಜಿ: ಹೇಸ್ಟಿಂಗ್ಸ್‌ನ ಭ್ರಷ್ಟಾಚಾರವನ್ನು ವಿರೋಧಿಸಿದವರ ಉದ್ದೇಶಗಳ ಕುರಿತು ಒಂದು ಪ್ರಕರಣ ಅಧ್ಯಯನ

1775ರ ಆಗಸ್ಟ್ 4ರಂದು, ನೇಣಿಗೇರುವುದಕ್ಕೆ ಒಂದು ದಿನ ಮೊದಲು, ಕಲ್ಕತ್ತದ ಸೆರೆಮನೆಯಲ್ಲಿದ್ದ ಮಹಾರಾಜ ನಂದಕುಮಾರನು ಪಾರಸಿಯಲ್ಲಿ ಬರೆಸಿದ ಒಂದು ಅರ್ಜಿಯನ್ನು ಜನರಲ್ ಜಾನ್ ಕ್ಲಾವರಿಂಗನ ಮನೆಗೆ ಕಳುಹಿಸಿದನು. ಕ್ಲಾವರಿಂಗ್ ಅದನ್ನು ಪಡೆದು ಮೇಜಿನ ಮೇಲಿಟ್ಟನು. ಮರುದಿನ ನಂದಕುಮಾರನನ್ನು ಗಲ್ಲಿಗೇರಿಸಲಾಯಿತು. ಅದಾದ ಮೇಲೆ, ಆರನೆಯ ತಾರೀಖಿನಂದು, ಕ್ಲಾವರಿಂಗ್ ತನ್ನ ಮುನ್ಷಿಯನ್ನು ಕರೆದು ಆ ಕಾಗದವನ್ನು ಅನುವಾದಿಸಲು ಹೇಳಿದನು. ತಡವೇಕಾಯಿತೆಂಬುದಕ್ಕೆ ಅವನು ಮುಂದೆ ಕೊಟ್ಟ ವಿವರಣೆ ಸರಳವಾಗಿತ್ತು: ಅದರಲ್ಲಿ ಜೀವದಾನಕ್ಕಾಗಿ ಮಧ್ಯಸ್ಥಿಕೆ ವಹಿಸಬೇಕೆಂಬ ಕೋರಿಕೆ ಇರಬಹುದೆಂದು ಅವನಿಗೆ ಅನ್ನಿಸಿತ್ತು, ಅಂಥ ಮಧ್ಯಸ್ಥಿಕೆ ಮಾಡಬಾರದೆಂದು ಅವನು ಮೊದಲೇ ನಿರ್ಧರಿಸಿದ್ದನು, ಆದ್ದರಿಂದ ಓದಿಸಿ ನೋಡುವ ಅಗತ್ಯ ಕಾಣಲಿಲ್ಲ.

ಈ ಕ್ಲಾವರಿಂಗ್ ನಂದಕುಮಾರನ ಶತ್ರುವಾಗಿರಲಿಲ್ಲ. ಬಂಗಾಳದಲ್ಲಿ ಬೇರುಬಿಟ್ಟಿರುವ ಲಂಚಕೋರತನವನ್ನು ಕಿತ್ತುಹಾಕುವುದೇ ತಾನು ಬಂದ ಉದ್ದೇಶವೆಂದು ಆಡಳಿತ ಮಂಡಳಿಯಲ್ಲಿ ಮತ್ತೆಮತ್ತೆ ಸಾರಿದ ಮೂವರಲ್ಲಿ ಅವನೊಬ್ಬನು. ಆ ಮೂವರು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಮೇಲೆ ಹೊರಿಸಿದ ಅತ್ಯಂತ ಗಂಭೀರ ಆರೋಪಕ್ಕೆ ನಂದಕುಮಾರನೇ ಮುಖ್ಯ ಸಾಕ್ಷಿಯಾಗಿದ್ದನು. ಅನ್ಯಾಯವನ್ನು ವಿರೋಧಿಸುತ್ತೇವೆಂದು ಹೊರಟವರ ನಿಜವಾದ ಉದ್ದೇಶವೇನೆಂಬ ಪ್ರಶ್ನೆಯನ್ನು ಇಷ್ಟೊಂದು ದಾಖಲೆಗಳೊಡನೆ, ಇಷ್ಟು ದೀರ್ಘಕಾಲ ಎದುರಿಸಿದ ಪ್ರಕರಣಗಳು ನಮ್ಮ ಇತಿಹಾಸದಲ್ಲಿ ವಿರಳ. 1774ರಲ್ಲಿ ಕಲ್ಕತ್ತದಲ್ಲಿ ಆರಂಭವಾದ ಈ ಜಗಳ 1795ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಮುಗಿಯಿತು. ಅದರಲ್ಲಿ ಪಾಲ್ಗೊಂಡ ಪ್ರತಿಯೊಬ್ಬನ ಉದ್ದೇಶವನ್ನೂ ಯಾರಾದರೊಬ್ಬರು ಶಂಕಿಸಿದರು, ಮತ್ತು ಬಹುಪಾಲು ಶಂಕೆಗಳಿಗೆ ಆಧಾರವಿತ್ತು.

ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಯಾರಾದರೂ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಕಡತ ತೆರೆಯುವುದಕ್ಕಿಂತ ಮೊದಲು ಹುಟ್ಟುವ ಮಾತು ‘ಇವನಿಗೆ ಇದರಿಂದ ಏನು ಸಿಗುತ್ತದೆ?’ ಎಂಬುದು. ಆ ಮಾತು ಕೆಲವೊಮ್ಮೆ ನಿಜವಾದ ಎಚ್ಚರ, ಬಹಳಷ್ಟು ಸಲ ಕಡತ ತೆರೆಯದಿರಲು ಒಂದು ನೆಪ. ಈ ಎರಡನ್ನು ಬೇರ್ಪಡಿಸುವುದು ಹೇಗೆ ಎಂಬುದಕ್ಕೆ ನಂದಕುಮಾರನ ಪ್ರಕರಣ ಕೆಲವು ಗುರುತುಗಳನ್ನು ಕೊಡುತ್ತದೆ ಎಂಬ ಕಾರಣಕ್ಕಾಗಿಯೇ ಇದನ್ನು ಇಲ್ಲಿ ವಿವರವಾಗಿ ಪರಿಶೀಲಿಸುತ್ತಿದ್ದೇನೆ.

ಐವರ ಮಂಡಳಿ

ಬ್ರಿಟಿಷ್ ಪಾರ್ಲಿಮೆಂಟಿನ 1773ರ ರೆಗ್ಯುಲೇಟಿಂಗ್ ಕಾಯ್ದೆಯು ಬಂಗಾಳಕ್ಕೆ ಒಬ್ಬ ಗವರ್ನರ್ ಜನರಲನನ್ನೂ ನಾಲ್ವರು ಸದಸ್ಯರ ಮಂಡಳಿಯನ್ನೂ ನೇಮಿಸಿತು. ತೀರ್ಮಾನಗಳು ಬಹುಮತದಿಂದ ಆಗಬೇಕಿತ್ತು. ಮತಗಳು ಸಮವಾದಾಗ ಮಾತ್ರ ಗವರ್ನರ್ ಜನರಲನಿಗೆ ನಿರ್ಣಾಯಕ ಮತವಿತ್ತು. ಹೇಸ್ಟಿಂಗ್ಸ್ ಮತ್ತು ರಿಚರ್ಡ್ ಬಾರ್ವೆಲ್ ಬಂಗಾಳದಲ್ಲೇ ಇದ್ದವರು. ಕ್ಲಾವರಿಂಗ್, ಕರ್ನಲ್ ಜಾರ್ಜ್ ಮಾನ್ಸನ್ ಮತ್ತು ಫಿಲಿಪ್ ಫ್ರಾನ್ಸಿಸ್ ಇಂಗ್ಲೆಂಡಿನಿಂದ 1774ರ ಅಕ್ಟೋಬರ್ 19ರಂದು ಬಂದಿಳಿದರು. ತಮಗೆ 21 ತೋಪುಗಳ ಗೌರವ ಸಲ್ಲುವುದೆಂದು ಎಣಿಸಿದ್ದವರಿಗೆ 17 ತೋಪುಗಳು ಮಾತ್ರ ಹಾರಿದ್ದರಿಂದ ಅಸಮಾಧಾನ ಘಾಟಿನಲ್ಲೇ ಆರಂಭವಾಯಿತೆಂಬುದು ಪ್ರಸಿದ್ಧ ಸಂಗತಿ. ನಾಲ್ಕು ತೋಪುಗಳ ಕೊರತೆಯಿಂದ ಒಂದು ಸಾಮ್ರಾಜ್ಯದ ರಾಜಕೀಯವೇ ಕೆಟ್ಟಿತೆನ್ನುವುದು ಉತ್ಪ್ರೇಕ್ಷೆಯಾದೀತು. ಆದರೆ ಬಂದವರ ಮನಸ್ಸಿನಲ್ಲಿ ಸುಧಾರಣೆಯ ಜೊತೆಗೆ ಮರ್ಯಾದೆಯ ಲೆಕ್ಕವೂ ಇತ್ತೆಂಬುದಕ್ಕೆ ಇಷ್ಟು ಸಾಕು.

ಮೂವರಲ್ಲಿ ಬುದ್ಧಿವಂತನು ಫ್ರಾನ್ಸಿಸ್. 1740ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಇವನು ಲಂಡನ್ನಿನ ಯುದ್ಧ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ‘ಜೂನಿಯಸ್’ ಎಂಬ ಗುಪ್ತನಾಮದಿಂದ ಮಂತ್ರಿಗಳನ್ನು ಸೀಳಿದ ಪತ್ರಗಳ ಕರ್ತೃ ಇವನೇ ಎಂದು ಬಹುಮಟ್ಟಿನ ಇತಿಹಾಸಕಾರರು ನಂಬುತ್ತಾರೆ. ಅಂಥವನು ವರ್ಷಕ್ಕೆ 10,000 ಪೌಂಡುಗಳ ಸಂಬಳದ ಮೇಲೆ ಬಂಗಾಳಕ್ಕೆ ಬಂದು, 25,000 ಪೌಂಡುಗಳ ಸಂಬಳವಿದ್ದ ಮೇಲಿನ ಕುರ್ಚಿಯ ಮೇಲೆ ಕಣ್ಣಿಟ್ಟನು. ಇಷ್ಟನ್ನೇ ಹೇಳಿ ಬಿಡುವುದು ಮಾತ್ರ ಅವನಿಗೆ ಅನ್ಯಾಯ. ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ವಸೂಲಿ ಬಂಗಾಳವನ್ನು ಹೇಗೆ ಬರಿದು ಮಾಡುತ್ತಿದೆ ಎಂಬುದನ್ನು ಅವನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಕಂದಾಯವನ್ನು ಶಾಶ್ವತವಾಗಿ ನಿಗದಿಗೊಳಿಸಬೇಕೆಂದು 1776ರಲ್ಲಿ ಅವನು ಬರೆದ ಯೋಜನೆಯ ಮೂಲ ವಿಚಾರ 1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕೈಯಲ್ಲಿ ಕಾನೂನಾಯಿತು. ಆ ಕಾನೂನಿನ ಪರಿಣಾಮ ಒಳ್ಳೆಯದಾಯಿತೇ ಎಂಬುದು ಬೇರೆ ಚರ್ಚೆ.

ಆರೋಪಿಸಿದವನ ಪೂರ್ವಾಪರ

ನಂದಕುಮಾರನು ಬಂಗಾಳದ ನವಾಬರ ಆಡಳಿತದಲ್ಲಿ ಬೆಳೆದ ಬ್ರಾಹ್ಮಣ ಅಧಿಕಾರಿ. 1757ರಲ್ಲಿ ಹೂಗ್ಲಿಯ ಫೌಜುದಾರನಾಗಿದ್ದಾಗ (ಸೇನೆ ಮತ್ತು ಆಡಳಿತ ನೋಡಿಕೊಳ್ಳುವ ಸ್ಥಳೀಯ ಅಧಿಕಾರಿ), ಇಂಗ್ಲಿಷರು ಫ್ರೆಂಚರ ಚಂದ್ರನಗರವನ್ನು ಮುತ್ತಿದ ವೇಳೆ, ಫ್ರೆಂಚರ ನೆರವಿಗೆ ಹೋಗದೆ ಸುಮ್ಮನಿದ್ದವನು. ಮುಂದೆ ನವಾಬ ಮೀರ್ ಜಾಫರನ ಆಪ್ತ ದಿವಾನನಾದವನು. ಮೀರ್ ಜಾಫರನ ನಂತರ ಆಡಳಿತದ ಹಿಡಿತ ಮುಹಮ್ಮದ್ ರೆಜಾ ಖಾನನ ಕೈ ಸೇರಿದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು.

1772ರಲ್ಲಿ ಕಂಪನಿಯ ನಿರ್ದೇಶಕರು ರೆಜಾ ಖಾನನನ್ನು ಬಂಧಿಸಿ ಅವನ ಲೆಕ್ಕಗಳನ್ನು ವಿಚಾರಿಸಲು ಹೇಸ್ಟಿಂಗ್ಸ್‌ಗೆ ಆಜ್ಞಾಪಿಸಿದರು. ಆ ವಿಚಾರಣೆಗೆ ನಂದಕುಮಾರನ ನೆರವು ಪಡೆಯಬೇಕೆಂದೂ ಸೂಚಿಸಿದರು. ರೆಜಾ ಖಾನನ ಮೇಲೆ ನಂದಕುಮಾರನಿಗಿದ್ದ ದ್ವೇಷ ಲೋಕಕ್ಕೆಲ್ಲ ತಿಳಿದಿತ್ತು. ಅವನನ್ನು ಆರಿಸಿದ್ದೇ ಆ ದ್ವೇಷ ಕೆಲಸಕ್ಕೆ ಬರುತ್ತದೆಂದು. ಹೇಸ್ಟಿಂಗ್ಸ್ ಈ ಸಾಧನವನ್ನು ಇಷ್ಟವಿಲ್ಲದಿದ್ದರೂ ಬಳಸಿದನು. ನಂದಕುಮಾರನ ಮಗ ಗುರುದಾಸನನ್ನು ಬಾಲಕ ನವಾಬ ಮುಬಾರಕ್ ಉದ್ ದೌಲನ ಮನೆವಾರ್ತೆಯ ದಿವಾನನನ್ನಾಗಿ ನೇಮಿಸಿದನು. ಮೀರ್ ಜಾಫರನ ವಿಧವೆ ಮುನ್ನಿ ಬೇಗಂಳನ್ನು ನವಾಬನ ಪಾಲಕಿಯನ್ನಾಗಿ ಮಾಡಿದನು. ಕಡೆಗೆ ರೆಜಾ ಖಾನನು ನಿರ್ದೋಷಿಯೆಂದು ಬಿಡುಗಡೆಯಾದನು. ನಂದಕುಮಾರನಿಗೆ ತಾನು ಬಯಸಿದ ಅಧಿಕಾರ ಸಿಗಲಿಲ್ಲ.

ಮೂರು ವರ್ಷಗಳ ನಂತರ ಇದೇ ನಂದಕುಮಾರನು ಹೇಸ್ಟಿಂಗ್ಸ್‌ನ ವಿರುದ್ಧ ನಿಂತಾಗ, ಅವನು ನೀಚನೆಂದೂ ದ್ವೇಷದಿಂದ ಮಾತನಾಡುತ್ತಿದ್ದಾನೆಂದೂ ಹೇಸ್ಟಿಂಗ್ಸ್ ಬರೆದನು. ಆ ಮಾತು ಸುಳ್ಳಲ್ಲದಿರಬಹುದು. ಆದರೆ 1772ರಲ್ಲಿ ಇದೇ ಗುಣಗಳು ಸಾಕ್ಷಿಯ ಅರ್ಹತೆಗಳಾಗಿದ್ದವು, 1775ರಲ್ಲಿ ಅನರ್ಹತೆಗಳಾದವು. ಆರೋಪಿಸುವವನ ಉದ್ದೇಶದ ಬಗ್ಗೆ ಆರೋಪಕ್ಕೊಳಗಾದವನಿಗೆ ಯಾವಾಗ ಕಾಳಜಿ ಹುಟ್ಟುತ್ತದೆ ಎಂಬುದನ್ನು ಕೂಡ ಪ್ರಕರಣದ ದಾಖಲೆಯಲ್ಲಿ ಸೇರಿಸಬೇಕಾಗುತ್ತದೆ.

1775ರ ಮಾರ್ಚ್ 11ರಂದು ಫ್ರಾನ್ಸಿಸ್ ಮಂಡಳಿಯಲ್ಲಿ ನಂದಕುಮಾರನ ಪತ್ರವನ್ನು ಮಂಡಿಸಿದನು. ಮುನ್ನಿ ಬೇಗಂ ಮತ್ತು ಗುರುದಾಸರ ನೇಮಕಕ್ಕಾಗಿ ಹೇಸ್ಟಿಂಗ್ಸ್ 3,54,105 ರೂಪಾಯಿ ಪಡೆದನೆಂಬುದು ಅದರ ಸಾರ. ಇದರಲ್ಲಿ ಒಂದು ಭಾಗವನ್ನು ತಾನೇ ಕೊಟ್ಟೆನೆಂದು ನಂದಕುಮಾರನು ಹೇಳಿದ್ದನ್ನು ಗಮನಿಸಬೇಕು: ಲಂಚದ ಮೇಲಿನ ದೂರು ಲಂಚ ಕೊಟ್ಟವನ ಬಾಯಿಂದ, ಕೊಟ್ಟದ್ದಕ್ಕೆ ತಕ್ಕ ಫಲ ಸಿಗಲಿಲ್ಲವೆಂಬುದು ಖಾತ್ರಿಯಾದ ಮೇಲೆ ಬಂದಿತ್ತು. ಮಾರ್ಚ್ 13ರಂದು ನಂದಕುಮಾರನನ್ನೇ ಮಂಡಳಿಗೆ ಕರೆಸಿ ವಿಚಾರಿಸಬೇಕೆಂಬ ಸೂಚನೆ ಬಂದಾಗ, ತನ್ನದೇ ಮಂಡಳಿಯಲ್ಲಿ ತಾನು ಅಪರಾಧಿಯಂತೆ ಕೂರಲಾರೆನೆಂದು ಹೇಸ್ಟಿಂಗ್ಸ್ ಸಭೆಯನ್ನು ವಿಸರ್ಜಿಸಿ ಹೊರನಡೆದನು. ಬಾರ್ವೆಲನೂ ಎದ್ದನು. ಉಳಿದ ಮೂವರು ಕ್ಲಾವರಿಂಗನನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿ, ನಂದಕುಮಾರನ ಹೇಳಿಕೆ ಪಡೆದು, ಗವರ್ನರ್ ಜನರಲನು ಆ ಹಣವನ್ನು ಪಡೆದಿದ್ದಾನೆ, ಕಂಪನಿಗೆ ಕಟ್ಟಬೇಕು ಎಂದು ತೀರ್ಮಾನಿಸಿಬಿಟ್ಟರು.

ಆರೋಪ ನಿಜವೇ? ಭಾಗಶಃ ನಿಜ. ಒಂದೂವರೆ ಲಕ್ಷ ರೂಪಾಯಿ ಕೈಸೇರಿದ್ದನ್ನು ಹೇಸ್ಟಿಂಗ್ಸ್‌ನ ಪಕ್ಷದವರು ಅಲ್ಲಗಳೆಯಲಿಲ್ಲ. ಅದು ಮುರ್ಷಿದಾಬಾದಿಗೆ ಹೋದ ಗವರ್ನರನಿಗೆ ವಾಡಿಕೆಯಂತೆ ಸಲ್ಲುವ ಆತಿಥ್ಯದ ಭತ್ಯೆಯೆಂಬುದು ಅವರ ಸಮಾಧಾನ. ದಿನಕ್ಕೆ ಎರಡು ಸಾವಿರ ರೂಪಾಯಿಯ ಆತಿಥ್ಯವನ್ನು ವಾಡಿಕೆಯೆಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ. ಅಧಿಕಾರಿಗಳು ಕಾಣಿಕೆ ಪಡೆಯಬಾರದೆಂಬ ನಿಯಮ ಜಾರಿಯಲ್ಲಿದ್ದ ಕಾಲವದು. ಹೀಗಾಗಿ ಕೆಟ್ಟ ಉದ್ದೇಶದ ಮನುಷ್ಯನೊಬ್ಬ, ತಾನೇ ಪಾಲುಗೊಂಡ ವ್ಯವಹಾರದ ಬಗ್ಗೆ, ಭಾಗಶಃ ನಿಜವಾದ ಮಾತನ್ನಾಡಿದನು. ಅವನ ಉದ್ದೇಶ ಆ ಒಂದೂವರೆ ಲಕ್ಷವನ್ನು ಅಳಿಸುವುದಿಲ್ಲ. ಉಳಿದ ಎರಡು ಲಕ್ಷದ ಬಗ್ಗೆ ಮಾತ್ರ, ಅವನ ಮಾತಿಗೆ ಬೇರೆ ಆಧಾರ ಬೇಕಾಗಿತ್ತು. ಆ ಆಧಾರವನ್ನು ತಾಳ್ಮೆಯಿಂದ ಹುಡುಕುವ ಬದಲು ಮೂವರು ಅದೇ ಕುಳಿತ ಕಡೆ ತೀರ್ಪಿತ್ತರು. ಅವರ ಅವಸರ ನಂದಕುಮಾರನ ದ್ವೇಷಕ್ಕಿಂತ ಹೆಚ್ಚು ಹಾನಿ ಮಾಡಿತು.

ಸಾಕ್ಷಿಗೆ ಒದಗಿದ ಗತಿ

ಏಪ್ರಿಲ್‌ನಲ್ಲಿ ನಂದಕುಮಾರನ ಮೇಲೆ ಒಳಸಂಚಿನ ದೂರು ದಾಖಲಾಯಿತು. ಮಂಡಳಿಯ ಮೂವರೂ ಅವನ ಮನೆಗೆ ಹೋಗಿ ಭೇಟಿಯಿತ್ತು ತಮ್ಮ ಬೆಂಬಲವನ್ನು ಊರಿಗೆಲ್ಲ ತೋರಿಸಿದರು. ಮೇ 6ರಂದು ಇನ್ನೊಂದು ದೂರಿನ ಮೇಲೆ ಅವನ ಬಂಧನವಾಯಿತು: ಬುಲಾಕಿ ದಾಸನೆಂಬ ಲೇವಾದೇವಿಗಾರನ ಹೆಸರಿನಲ್ಲಿ ಖೊಟ್ಟಿ ಸಾಲಪತ್ರ ಸೃಷ್ಟಿಸಿದನೆಂಬ ಆರೋಪ, ದೂರುದಾರ ಮೋಹನ ಪ್ರಸಾದ. ಈ ಸಾಲಪತ್ರದ ತಗಾದೆ ಹೇಸ್ಟಿಂಗ್ಸ್‌ನ ಮೇಲಿನ ಆರೋಪಕ್ಕಿಂತ ಹಳೆಯದು ಎಂಬುದು ನಿಜ. ವರ್ಷಗಟ್ಟಲೆ ಕುಂಟುತ್ತಿದ್ದ ತಗಾದೆಗೆ ಆರೋಪದ ಎಂಟು ವಾರಗಳೊಳಗೆ ಕಾಲು ಬಂದದ್ದೂ ನಿಜ.

ಸೆರೆಮನೆಯಲ್ಲಿ ಅನ್ಯಜಾತಿಯವರ ನಡುವೆ ಊಟ ಮಾಡಿದರೆ ಜಾತಿ ಕೆಡುವುದೆಂದು ನಂದಕುಮಾರನು ಆಹಾರ ಬಿಟ್ಟನು. ಪಂಡಿತರ ಅಭಿಪ್ರಾಯ ಕೇಳಿ ಡೇರೆಯ ಏರ್ಪಾಡು ಮಾಡಬೇಕಾಯಿತು. ಜೂನ್ 8ರಿಂದ 16ರ ವರೆಗೆ, ಬಂಗಾಳದ ಆ ಸೆಖೆಯಲ್ಲಿ, ಕಲ್ಕತ್ತದ ಸುಪ್ರೀಂ ಕೋರ್ಟಿನ ನಾಲ್ವರು ಇಂಗ್ಲಿಷ್ ನ್ಯಾಯಾಧೀಶರು ಯುರೋಪಿಯನ್ ಜ್ಯೂರಿಯೊಡನೆ ವಿಚಾರಣೆ ನಡೆಸಿದರು. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ ಶಾಲಾದಿನಗಳಲ್ಲಿ ಹೇಸ್ಟಿಂಗ್ಸ್‌ನ ಸಹಪಾಠಿ. ಖೊಟ್ಟಿ ಪತ್ರಕ್ಕೆ ಮರಣದಂಡನೆ ವಿಧಿಸುವ ಶಾಸನವು ಇಂಗ್ಲೆಂಡಿನ ಬ್ಯಾಂಕು ವ್ಯವಹಾರಗಳಿಗಾಗಿ ಎರಡನೆಯ ಜಾರ್ಜ್‌ನ ಕಾಲದಲ್ಲಿ ಆದದ್ದು. ಬಂಗಾಳದ ಜನರಿಗೆ ಆ ಅಪರಾಧಕ್ಕೆ ಗಲ್ಲು ಎಂಬುದೇ ಕಲ್ಪನೆಗೆ ಮೀರಿದ ಮಾತಾಗಿತ್ತು. ನ್ಯಾಯಾಧೀಶರಲ್ಲೊಬ್ಬನಾದ ರಾಬರ್ಟ್ ಚೇಂಬರ್ಸ್ ಹಳೆಯ, ಸೌಮ್ಯವಾದ ಶಾಸನವನ್ನು ಅನ್ವಯಿಸಬಹುದೆಂದು ಸೂಚಿಸಿ ಸೋತನು. ಶಿಕ್ಷೆಯನ್ನು ತಡೆದು ದೊರೆಯ ಅಪ್ಪಣೆಗೆ ಕಾಯುವ ಅಧಿಕಾರ ನ್ಯಾಯಾಲಯಕ್ಕಿತ್ತು, ಅದನ್ನು ಬಳಸಲಿಲ್ಲ.

ಇಲ್ಲಿ ಬಂಗಾಳದ ಶುದ್ಧೀಕರಣಕ್ಕೆ ಹೊರಟವರ ಪರೀಕ್ಷೆ ಎದುರಾಯಿತು. ನಂದಕುಮಾರನ ವಕೀಲ ಥಾಮಸ್ ಫ್ಯಾರರ್ ಶಿಕ್ಷೆಯನ್ನು ತಡೆಹಿಡಿಯುವಂತೆ ನ್ಯಾಯಾಧೀಶರಿಗೆ ಮಂಡಳಿಯ ಸದಸ್ಯರಿಂದ ಒಂದು ಕೋರಿಕೆ ಹೋಗಬೇಕೆಂದು ಯತ್ನಿಸಿದನು. ಫ್ರಾನ್ಸಿಸ್ ಮೊದಲು ಒಪ್ಪಿದನು. ಕ್ಲಾವರಿಂಗ್ ಮತ್ತು ಮಾನ್ಸನ್ ಒಪ್ಪಲಿಲ್ಲ: ಇದು ಒಬ್ಬ ಖಾಸಗಿ ಮನುಷ್ಯನ ಖಾಸಗಿ ಪ್ರಕರಣ, ಸಾರ್ವಜನಿಕ ಹಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಫ್ರಾನ್ಸಿಸನೂ ಅಲ್ಲಿಗೇ ಕೈಬಿಟ್ಟನು. ಮಾರ್ಚ್‌ನಲ್ಲಿ ನಂದಕುಮಾರನ ಬಾಯಿಂದ ಹೊರಟ ಪ್ರತಿ ಅಂಕಿಯೂ ಸಾರ್ವಜನಿಕ ಹಿತದ್ದಾಗಿತ್ತು. ಆಗಸ್ಟ್‌ನಲ್ಲಿ ಅದೇ ಬಾಯಿಯ ಉಸಿರು ಖಾಸಗಿಯಾಯಿತು.

‘ಕೋಣನೆರಡುಂ ಹೋರೆ ಗಿಡುವಿಂಗೆ ಮಿತ್ತು’ (ಎರಡು ಕೋಣಗಳು ಕಾದಾಡಿದರೆ ಗಿಡಕ್ಕೆ ಸಾವು) ಎಂಬ ನಮ್ಮ ಗಾದೆ ಇಲ್ಲಿ ನೆನಪಾಗುವುದು ಸಹಜ; ಆದರೆ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಈ ಗಿಡವೇ ಕೋಣಗಳನ್ನು ತನ್ನ ಬಳಿಗೆ ಕರೆದಿತ್ತು. ಹಾಗೆಂದು ಅದನ್ನು ತುಳಿದದ್ದು ಸರಿಯಾಗುವುದಿಲ್ಲ.

ಆಗಸ್ಟ್ ಮಧ್ಯದಲ್ಲಿ ಕ್ಲಾವರಿಂಗ್ ಆ ಅರ್ಜಿಯ ಅನುವಾದವನ್ನು ಮಂಡಳಿಯ ಮುಂದಿಟ್ಟನು. ದೊರೆಯ ಹಿತಕ್ಕಾಗಿ, ಜನರ ಉಪಶಮನಕ್ಕಾಗಿ ತಾನು ಕೆಲವು ಸತ್ಯಗಳನ್ನು ಹೊರಗೆಡಹಿದ್ದರಿಂದ ಇಂಗ್ಲಿಷ್ ದೊರೆಗಳು ತನಗೆ ಶತ್ರುಗಳಾದರೆಂದೂ, ನ್ಯಾಯಾಧೀಶರು ಹಗೆಯಿಂದ ತನ್ನ ಜೀವ ತೆಗೆಯುತ್ತಿದ್ದಾರೆಂದೂ ನಂದಕುಮಾರನು ಅದರಲ್ಲಿ ಹೇಳಿಕೊಂಡಿದ್ದನು. ನ್ಯಾಯಾಧೀಶರ ಹೆಸರು ಬಂದಿರುವುದರಿಂದ ಒಂದು ಪ್ರತಿಯನ್ನು ಅವರಿಗೆ ಕಳುಹಿಸಬೇಕೆಂದು ಹೇಸ್ಟಿಂಗ್ಸ್ ಸೂಚಿಸಿದನು. ಇದಕ್ಕೆ ಅಡ್ಡಬಂದವನು ಫ್ರಾನ್ಸಿಸ್. ಅರ್ಜಿಯು ನ್ಯಾಯಾಧೀಶರ ಮೇಲಿನ ಮಾನಹಾನಿಯೆಂದೂ, ಅದನ್ನು ಸರಕಾರಿ ನೇಣುಗಾರನಿಂದ ಬಹಿರಂಗವಾಗಿ ಸುಡಿಸಬೇಕೆಂದೂ ಅವನು ಸೂಚಿಸಿದನು. ಮೂಲ ಅರ್ಜಿಯನ್ನು ಸುಡಲು, ಅನುವಾದದ ನಮೂದನ್ನು ನಡಾವಳಿಯಿಂದ ತೆಗೆದುಹಾಕಲು ತೀರ್ಮಾನವಾಯಿತು. ತಮ್ಮ ಸಾಕ್ಷಿಯ ಕೊನೆಯ ಮಾತನ್ನು ಸುಡಿಸಿದವರು ಅವನ ವಿರೋಧಿಗಳಲ್ಲ, ಅವನ ಬೆಂಬಲಿಗರು.

ಏಕೆ? ಹದಿಮೂರು ವರ್ಷಗಳ ನಂತರ, 1788ರಲ್ಲಿ, ಈ ಪ್ರಶ್ನೆ ಪಾರ್ಲಿಮೆಂಟಿನಲ್ಲಿ ಎದ್ದಾಗ ಫ್ರಾನ್ಸಿಸ್ ಕೊಟ್ಟ ಉತ್ತರ ಹೀಗಿತ್ತು: ರಾಜಕೀಯಕ್ಕಾಗಿ ಒಬ್ಬನ ಜೀವ ತೆಗೆದ ನ್ಯಾಯಾಧೀಶರು, ಅರ್ಜಿಯನ್ನು ಮಂಡಿಸಿದ ಕ್ಲಾವರಿಂಗನ ಮೇಲೂ ಕೈಮಾಡಿಯಾರೆಂದು ತಾನು ಹೆದರಿದೆ, ಅವನನ್ನು ಉಳಿಸಲು ಅರ್ಜಿಯನ್ನು ಸುಡಿಸಿದೆ. ಈ ಮಾತನ್ನು ನಂಬಬಹುದು. ನಂಬಿದರೆ ಅದರಿಂದ ಹೊರಡುವ ಅರ್ಥ ಫ್ರಾನ್ಸಿಸನಿಗೆ ಇನ್ನಷ್ಟು ಪ್ರತಿಕೂಲ: ನಡೆದದ್ದು ನ್ಯಾಯದ ಹೆಸರಿನ ಕೊಲೆಯೆಂದು ಅವನು ಅಂದೇ ಬಲ್ಲನು, ಆದರೂ ಅಂದು ನಡಾವಳಿಯಲ್ಲಿ ನ್ಯಾಯಾಧೀಶರ ಮಾನವನ್ನು ಎತ್ತಿಹಿಡಿಯುವ ಮಾತನ್ನು ಬರೆಸಿದನು. ಆರೋಪ ಮಾಡುವವನ ಉದ್ದೇಶವನ್ನು ಆರೋಪದ ಮಾತುಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಹೋರಾಟದ ಬೆಲೆ ತನ್ನ ಕಡೆಗೆ ತಿರುಗಿದ ಗಳಿಗೆಯಲ್ಲಿ ಅವನು ಯಾರನ್ನು ಮುಂದೆ ತಳ್ಳುತ್ತಾನೆ ಎಂಬಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಈ ಪ್ರಕರಣದಿಂದ ನಾನು ತೆಗೆಯುವ ತೀರ್ಮಾನ.

ಕುರ್ಚಿಯ ಕಡೆಗೆ

ನಂತರದ ಘಟನೆಗಳನ್ನು ಬೇಗ ದಾಟಬಹುದು. 1776ರಲ್ಲಿ ಮಾನ್ಸನ್ ಸತ್ತದ್ದರಿಂದ ಮತಗಳು ಸಮವಾಗಿ, ನಿರ್ಣಾಯಕ ಮತ ಹೇಸ್ಟಿಂಗ್ಸ್‌ನ ಕೈಗೆ ಬಂತು. 1777ರ ಜೂನ್‌ನಲ್ಲಿ, ಲಂಡನ್ನಿನಲ್ಲಿ ಹೇಸ್ಟಿಂಗ್ಸ್‌ನ ಪ್ರತಿನಿಧಿಯು ಸಲ್ಲಿಸಿದ್ದ ರಾಜೀನಾಮೆಯ ಸುದ್ದಿ ಬಂದೊಡನೆ, ಕ್ಲಾವರಿಂಗ್ ತಾನೇ ಗವರ್ನರ್ ಜನರಲನೆಂದು ಕೋಟೆಯ ಕೀಲಿಕೈಗಳನ್ನು ಕೇಳಿದನು. ಸುಪ್ರೀಂ ಕೋರ್ಟ್ ಹೇಸ್ಟಿಂಗ್ಸ್‌ನ ಪರ ತೀರ್ಪಿತ್ತಿತು. ಆಗಸ್ಟ್‌ನಲ್ಲಿ ಕ್ಲಾವರಿಂಗನೂ ತೀರಿಕೊಂಡನು. 1780ರಲ್ಲಿ ಫ್ರಾನ್ಸಿಸ್ ಮತ್ತು ಹೇಸ್ಟಿಂಗ್ಸ್ ನಡುವೆ ಒಂದು ರಾಜಿಯಾಗಿ, ಕೆಲವೇ ತಿಂಗಳಲ್ಲಿ ಮುರಿಯಿತು. ಫ್ರಾನ್ಸಿಸನ ಖಾಸಗಿ ನಡತೆಯಂತೆಯೇ ಅವನ ಸಾರ್ವಜನಿಕ ನಡತೆಯೂ ಸತ್ಯ ಮತ್ತು ಮರ್ಯಾದೆಯಿಲ್ಲದ್ದು ಎಂಬರ್ಥದ ಮಾತನ್ನು ಹೇಸ್ಟಿಂಗ್ಸ್ ನಡಾವಳಿಯಲ್ಲೇ ಬರೆದನು. ಆಗಸ್ಟ್ 17ರ ಬೆಳಿಗ್ಗೆ ಅಲಿಪುರದ ಬಳಿ ಇಬ್ಬರೂ ಪಿಸ್ತೂಲು ಹಿಡಿದು ಎದುರು ನಿಂತರು. ಗುಂಡು ತಗಲಿದ್ದು ಫ್ರಾನ್ಸಿಸನಿಗೆ. ಹೈದರ್ ಅಲಿಯ ಸೈನ್ಯ ಘಟ್ಟ ಇಳಿದು ಆರ್ಕಾಟಿನ ಬಯಲನ್ನು ತುಂಬಿದ್ದ ದಿನಗಳಲ್ಲಿ ಕಂಪನಿಯ ಅತ್ಯುನ್ನತ ಅಧಿಕಾರಿಗಳಿಬ್ಬರು ಹೀಗೆ ಕಾಲ ಕಳೆಯುತ್ತಿದ್ದರು.

ಹೈದರನ ಈ ಯುದ್ಧವೇ ಮುಂದಿನ ಆರೋಪಗಳಿಗೆ ನೆಲವಾಯಿತೆಂಬುದು ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಸೇನಾಧಿಕಾರಿ ಬೇಯ್ಲಿಯ ದಂಡು ನಾಶವಾದ ಮೇಲೆ ಹೇಸ್ಟಿಂಗ್ಸ್ ಕಲ್ಕತ್ತದಿಂದ ಸೇನಾಪತಿ ಐರ್ ಕೂಟನನ್ನೂ ಹಣವನ್ನೂ ಮದರಾಸಿಗೆ ಕಳುಹಿಸಿದನು. ಮರಾಠರ ವಿರುದ್ಧದ ಯುದ್ಧದ ಜೊತೆಗೆ ಈ ಖರ್ಚೂ ಸೇರಿ ಬೊಕ್ಕಸ ಬರಿದಾದಾಗ, ಕಾಶಿಯ ರಾಜ ಚೇತ್ ಸಿಂಗನಿಂದ ಒಪ್ಪಂದಕ್ಕೆ ಮೀರಿದ ಹಣ ಕೇಳಿದ್ದು, ಅವಧದ ಬೇಗಮರ ಭಂಡಾರವನ್ನು ಅವರ ನಪುಂಸಕ ಸೇವಕರನ್ನು ಸೆರೆಯಿಟ್ಟು ತೆಗೆಸಿದ್ದು. ವೆಸ್ಟ್‌ಮಿನ್‌ಸ್ಟರಿನಲ್ಲಿ ಹೇಸ್ಟಿಂಗ್ಸ್ ಎದುರಿಸಿದ ಅತಿ ದೊಡ್ಡ ಎರಡು ಆರೋಪಗಳಿಗೆ ಹಿನ್ನೆಲೆಯಲ್ಲಿ ಶ್ರೀರಂಗಪಟ್ಟಣದ ಒತ್ತಡವಿತ್ತು.

ದ್ವೇಷಿಯು ಅಭಿಯೋಜಕನಾಗಬಹುದೇ?

1781ರಲ್ಲಿ ಲಂಡನ್ ಸೇರಿದ ಫ್ರಾನ್ಸಿಸ್ ತನ್ನ ಕಾಗದಪತ್ರಗಳನ್ನೆಲ್ಲ ಪಾರ್ಲಿಮೆಂಟಿನ ಸದಸ್ಯ ಎಡ್ಮಂಡ್ ಬರ್ಕನಿಗೆ ಒದಗಿಸಿದನು. 1784ರಲ್ಲಿ ತಾನೂ ಪಾರ್ಲಿಮೆಂಟಿನ ಸದಸ್ಯನಾದನು. 1787ರ ಮೇ ತಿಂಗಳಲ್ಲಿ ಹೇಸ್ಟಿಂಗ್ಸ್‌ನ ಮೇಲೆ ಮಹಾಭಿಯೋಗ (ಕೆಳಮನೆ ಆರೋಪ ಹೊರಿಸಿ ಮೇಲ್ಮನೆ ತೀರ್ಪು ಕೊಡುವ ವಿಚಾರಣೆ) ಹೂಡಲು ಕೆಳಮನೆ ನಿರ್ಧರಿಸಿತು. ಅದನ್ನು ನಡೆಸುವ ಸಮಿತಿಯಲ್ಲಿ ಫ್ರಾನ್ಸಿಸನ ಹೆಸರು ಬಂದಾಗ ಸದನ ಅದನ್ನು ಮತಕ್ಕೆ ಹಾಕಿ ತಿರಸ್ಕರಿಸಿತು. ಆರೋಪಿಯೊಡನೆ ಪಿಸ್ತೂಲು ಹಿಡಿದು ಕಾದಾಡಿದವನು ಅಭಿಯೋಜಕನ ಪೀಠದಲ್ಲಿ ಕೂರುವುದು ನ್ಯಾಯದ ರೂಪಕ್ಕೇ ಕಳಂಕವೆಂಬುದು ಒಂದು ವಾದ. ಬಂಗಾಳವನ್ನು ಅವನಷ್ಟು ಬಲ್ಲವರು ಸದನದಲ್ಲಿ ಇನ್ನೊಬ್ಬರಿಲ್ಲ, ಅನ್ಯಾಯದ ಮೇಲಿನ ಸಿಟ್ಟನ್ನೆಲ್ಲ ವೈಯಕ್ತಿಕ ಹಗೆಯೆಂದರೆ ಮುಂದೆ ಯಾರೂ ದೂರು ಹೇಳಲಾರರು ಎಂಬುದು ಇನ್ನೊಂದು.

ಸದನದ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಅದರ ಕಾರಣ ಮಾತ್ರ ಬೇರೆಯಾಗಿರಬೇಕಿತ್ತು ಎನ್ನಿಸುತ್ತದೆ. ದ್ವೇಷವಿರುವವನು ಸಾಕ್ಷಿ ಹೇಳಲು ಅನರ್ಹನಲ್ಲ, ಏಕೆಂದರೆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬಹುದು. ಯಾವ ಸಾಕ್ಷ್ಯವನ್ನು ಮುಂದಿಡಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಅಭಿಯೋಜಕನ ಸ್ಥಾನಕ್ಕೆ ಮಾತ್ರ ಅವನು ಸಲ್ಲ, ಏಕೆಂದರೆ ಆ ಆಯ್ಕೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನಡೆಯುತ್ತದೆ. ಅರ್ಜಿಯನ್ನು ಸುಡಿಸಿದವನ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ವಿವರಣೆ ಬೇಡ. ಆದರೂ ಸಮಿತಿ ಪತ್ರ ಬರೆದು ಫ್ರಾನ್ಸಿಸನ ನೆರವನ್ನು ಕೋರಿತು. ಬಾಗಿಲಿನಿಂದ ಬಾರದವನು ಕಿಟಕಿಯಿಂದ ಬಂದನು.

ಬರ್ಕನ ಉದ್ದೇಶವೂ ಪ್ರಶ್ನಾತೀತವಲ್ಲ. 1773ರಲ್ಲಿ ಕಂಪನಿಯ ಮೇಲೆ ಸರಕಾರದ ಹಿಡಿತವನ್ನು ವಿರೋಧಿಸಿದವನು ಅವನೇ. ಅವನ ಕುಟುಂಬದವರು ಕಂಪನಿಯ ಷೇರುಗಳಲ್ಲಿ ಸಟ್ಟಾ ಆಡಿ 1769ರಲ್ಲಿ ಕೈಸುಟ್ಟುಕೊಂಡಿದ್ದರು. ಅವನ ಆಪ್ತ ಬಂಧು ವಿಲಿಯಂ ಬರ್ಕ್ ತಂಜಾವೂರಿನ ರಾಜನ ಪ್ರತಿನಿಧಿಯಾಗಿ ಸಂಬಳ ಪಡೆಯುತ್ತಿದ್ದನು, ಮತ್ತು ತಂಜಾವೂರಿನ ಶತ್ರುವಾದ ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟವರ ಮೇಲೆ 1785ರ ಫೆಬ್ರವರಿಯಲ್ಲಿ ಬರ್ಕ್ ಮಾಡಿದ ಭಾಷಣ ಆ ಕಾಲದ ಅತಿ ಪ್ರಚಂಡ ಭಾಷಣಗಳಲ್ಲೊಂದು. ಹೈದರನು ಕರಿಮೋಡದಂತೆ ಬೆಟ್ಟಗಳಿಂದಿಳಿದು ‘ಕರ್ನಾಟಿಕ್’ ಬಯಲನ್ನು ಸುಟ್ಟ ವರ್ಣನೆ ಬರುವುದು ಅದರಲ್ಲೇ. (ಅದು ನಮ್ಮ ಕರ್ನಾಟಕವಲ್ಲ, ಘಟ್ಟದ ಕೆಳಗಿನ ಆರ್ಕಾಟ್ ಸೀಮೆ.) ಹೈದರನನ್ನು ಕೆರಳಿಸಿದ್ದು ಕಂಪನಿಯ ಹಾಗೂ ನವಾಬನ ವಿಶ್ವಾಸದ್ರೋಹವೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಿಂತು ಹೇಳುವ ಧೈರ್ಯ ಬರ್ಕನಿಗಿತ್ತು, ಆ ಮಾತಿನಿಂದ ಬಂಧುವಿನ ಯಜಮಾನನಿಗೆ ಅನುಕೂಲವೂ ಇತ್ತು.

ಹಾಗಾದರೆ ಬರ್ಕ್ ಮತ್ತು ಫ್ರಾನ್ಸಿಸ್ ಒಂದೇ ತಕ್ಕಡಿಯವರೇ? ಅಲ್ಲವೆಂದು ನಾನು ಭಾವಿಸುವುದಕ್ಕೆ ಕಾರಣ ನಂತರದ ವರ್ಷಗಳು. 1788ರ ಫೆಬ್ರವರಿ 13ರಂದು ವಿಚಾರಣೆ ಆರಂಭವಾದಾಗ ವೆಸ್ಟ್‌ಮಿನ್‌ಸ್ಟರಿಗೆ ಪ್ರವೇಶ ಚೀಟಿ ಪಡೆಯಲು ಲಂಡನ್ನಿನ ಗಣ್ಯರು ಮುಗಿಬಿದ್ದರು. ಎರಡು ಮೂರು ವರ್ಷಗಳಲ್ಲಿ ಆಸನಗಳು ಖಾಲಿಯಾದವು. ನಂದಕುಮಾರನನ್ನು ಹೇಸ್ಟಿಂಗ್ಸ್ ಇಂಪೆಯ ಕೈಯಿಂದ ಕೊಲ್ಲಿಸಿದನೆಂದು ಬರ್ಕ್ ಆಡಿದ ಮಾತಿಗೆ 1789ರ ಮೇ ತಿಂಗಳಲ್ಲಿ ಅವನ ಸ್ವಂತ ಸದನವೇ ಛೀಮಾರಿ ಹಾಕಿತು. ಫ್ರೆಂಚ್ ಕ್ರಾಂತಿಯ ವಿಷಯದಲ್ಲಿ 1791ರಲ್ಲಿ ಪಕ್ಷದ ನಾಯಕ ಫಾಕ್ಸ್‌ನೊಡನೆ ಸ್ನೇಹ ಮುರಿಯಿತು, ಪಕ್ಷ ಕೈಬಿಟ್ಟಿತು. ಹೇಸ್ಟಿಂಗ್ಸ್‌ನನ್ನು ಬಯ್ಯುವುದರಿಂದ ಬರ್ಕನಿಗೆ ಸಿಗಬಹುದಾಗಿದ್ದ ಪ್ರತಿಯೊಂದು ಲಾಭವೂ ಅಷ್ಟರಲ್ಲಿ ಬತ್ತಿಹೋಗಿತ್ತು. ಅವನು ಮತ್ತೆ ಮೂರು ವರ್ಷ ಅದೇ ಕಟಕಟೆಯ ಮುಂದೆ ನಿಂತು, 1794ರಲ್ಲಿ ಕೊನೆಯ ಭಾಷಣ ಮುಗಿಸಿ ಪಾರ್ಲಿಮೆಂಟನ್ನು ಬಿಟ್ಟನು. ತನ್ನ ಕೆಲಸಗಳಲ್ಲಿ ಬೇರೆಲ್ಲ ಮರೆತುಹೋದರೂ ಇದೊಂದು ಉಳಿಯಲಿ ಎಂದು ಆಪ್ತನಿಗೆ ಬರೆದನು. ಅವನ ಅತಿರೇಕ, ಅವನ ಬೈಗುಳ, ಸಾಕ್ಷ್ಯಕ್ಕೆ ಮೀರಿದ ಅವನ ಖಚಿತತೆ ಇವನ್ನೆಲ್ಲ ತಪ್ಪೆಂದು ಒಪ್ಪಿಕೊಂಡ ಮೇಲೂ, ಆರಂಭದ ಉದ್ದೇಶ ಬೆರಕೆಯಾಗಿದ್ದರೂ ಕೊನೆಗೆ ಉಳಿದದ್ದು ಯಾವುದು ಎಂಬುದರಲ್ಲಿ ಸಂಶಯ ಕಾಣುವುದಿಲ್ಲ.

ಫ್ರಾನ್ಸಿಸನೂ ಕೊನೆಯ ವರೆಗೆ ಹಟ ಬಿಡಲಿಲ್ಲ. ಆದರೆ 1805ರಲ್ಲಿ ಘಾಜಿಪುರದಲ್ಲಿ, ಮತ್ತೆ ಗವರ್ನರ್ ಜನರಲನಾಗಿದ್ದ ಕಾರ್ನ್‌ವಾಲಿಸ್ ಸತ್ತು, 1806ರಲ್ಲಿ ತನ್ನ ಸ್ನೇಹಿತರು ಅಧಿಕಾರಕ್ಕೆ ಬಂದಾಗ, ಅರವತ್ತೈದು ದಾಟಿದ ಫ್ರಾನ್ಸಿಸ್ ಗವರ್ನರ್ ಜನರಲನ ಪದವಿಯನ್ನು ಆಶಿಸಿದನು. ಮೂವತ್ತು ವರ್ಷಗಳ ಹಿಂದಿನ ಅದೇ ಕುರ್ಚಿ. ಅದರ ಬದಲು ಅವನಿಗೆ ಸಿಕ್ಕಿದ್ದು ಸರ್ ಎಂಬ ಬಿರುದು.

1795ರ ಏಪ್ರಿಲ್ 23ರಂದು ಮೇಲ್ಮನೆಯು ಹೇಸ್ಟಿಂಗ್ಸ್‌ನನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ತೀರ್ಪಿಗೆ ಮತ ಹಾಕಿದವರು 29 ಮಂದಿ ಪ್ರಭುಗಳು ಮಾತ್ರ. ವಿಚಾರಣೆಗೆಂದು ಹೇಸ್ಟಿಂಗ್ಸ್ ಸುಮಾರು 70,000 ಪೌಂಡು ಕಳೆದುಕೊಂಡಿದ್ದನು. ಕಂಪನಿ ಅವನಿಗೆ ವರ್ಷಕ್ಕೆ 4,000 ಪೌಂಡುಗಳ ವೇತನ ಗೊತ್ತುಮಾಡಿತು. ಮುನ್ನಿ ಬೇಗಂಳ ಒಂದೂವರೆ ಲಕ್ಷದ ಬಗ್ಗೆ ಆಗ ಯಾರಿಗೂ ಆಸಕ್ತಿ ಉಳಿದಿರಲಿಲ್ಲ. ಏಳು ವರ್ಷಗಳ ಕಾಲ ಚರ್ಚೆಯಾದದ್ದು ಬಹುಮಟ್ಟಿಗೆ ಬರ್ಕ್ ಮತ್ತು ಫ್ರಾನ್ಸಿಸ್ ಎಂಥವರು ಎಂಬುದೇ. ಹೇಸ್ಟಿಂಗ್ಸ್‌ನ ಗೆಲುವಿನಲ್ಲಿ ಅವನ ನಿರ್ದೋಷಿತ್ವಕ್ಕಿಂತ ಅವನ ವಿರೋಧಿಗಳ ನಡತೆಯ ಪಾಲು ದೊಡ್ಡದು.

ಇನ್ನು ಆ ಅರ್ಜಿಯ ವಿಷಯ. ಅದು ಬೂದಿಯಾಗಿ, ನಡಾವಳಿಯಿಂದಲೂ ಅಳಿಸಿಹೋಗಿ, ಅದರಲ್ಲೇನಿತ್ತೆಂಬುದು ಇಂದು ನಮಗೆ ತಿಳಿಯದೆ ಹೋಗಬೇಕಿತ್ತು. ಹಾಗಾಗಲಿಲ್ಲ. ಮಂಡಳಿಯ ಗೋಪ್ಯತೆಯ ಪ್ರತಿಜ್ಞೆಯನ್ನು ಮುರಿದು ಒಬ್ಬನು ಅದರ ಒಂದು ಪ್ರತಿಯನ್ನು ಎಲೈಜಾ ಇಂಪೆಗೆ ಗುಟ್ಟಾಗಿ ತಲುಪಿಸಿದ್ದನು. 1788ರಲ್ಲಿ ಇಂಪೆಯ ಮೇಲೆಯೇ ಮಹಾಭಿಯೋಗದ ಮಾತೆದ್ದಾಗ, ಅವನು ಕೆಳಮನೆಯ ಕಟಕಟೆಯಲ್ಲಿ ನಿಂತು ಆ ಪ್ರತಿಯನ್ನು ಹೊರತೆಗೆದನು. ಅದನ್ನು ಸುಡಿಸಿದವನು ಯಾರೆಂಬುದು ಸದನಕ್ಕೆ ತಿಳಿದದ್ದು ಆಗಲೇ. ಪ್ರತಿಯನ್ನು ಉಳಿಸಿ ಇಂಪೆಗೆ ಕೊಟ್ಟಿದ್ದವನು ವಾರನ್ ಹೇಸ್ಟಿಂಗ್ಸ್.